ಹಡಗಿನ ಎಣ್ಣೆ ಬದಲಾಗುತ್ತಿದೆ, ಎಂಜಿನ್ ರೂಮಿನವರ ಗತಿಯೇನು?

2025ರ ಜೂನ್ 9ರಂದು ಕಣ್ಣೂರಿನಾಚೆಯ ಕಡಲಲ್ಲಿ ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. ಹಡಗಿನಲ್ಲಿದ್ದವರು 22 ಮಂದಿ. ಅವರಲ್ಲಿ 18 ಮಂದಿಯನ್ನು ನೌಕಾಪಡೆಯ ಹಡಗು ಪಣಂಬೂರಿಗೆ ತಂದು ಇಳಿಸಿತು, ಗಾಯಗೊಂಡವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ನಾಲ್ವರು ಕಾಣೆಯಾದರು. ಅದಕ್ಕೆ ಎರಡು ವಾರ ಮೊದಲು, ಮೇ 25ರಂದು, ಎಂಎಸ್‌ಸಿ ಎಲ್ಸಾ 3 ಹಡಗು ಕೊಚ್ಚಿಯ ಹೊರಗೆ ಮುಳುಗಿತ್ತು. ಆ ದಿನಗಳಲ್ಲಿ ನಮ್ಮೂರಿನ ಅಂಗಡಿ ಜಗಲಿಗಳಲ್ಲಿ, ಮೀನು ಮಾರ್ಕೆಟ್‌ನಲ್ಲಿ ಎಲ್ಲರ ಬಾಯಲ್ಲೂ ಎರಡೇ ಪ್ರಶ್ನೆ: ಕಂಟೇನರ್‌ನಲ್ಲಿ ಏನಿತ್ತು? ಮೀನು ತಿನ್ನಬಹುದಾ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಕಾಣೆಯಾದ ನಾಲ್ವರ ಮನೆಯಲ್ಲಿ ಆ ರಾತ್ರಿ ಏನಾಗುತ್ತಿತ್ತು ಎಂದು ಕೇಳಿದವರು ಮಾತ್ರ ಕಡಿಮೆ.

ಆ ಹಡಗುಗಳು ಓಡುತ್ತಿದ್ದುದು ಹಳೆಯ ಎಣ್ಣೆಯಲ್ಲೇ. ನಾನು ಬರೆಯಲು ಹೊರಟಿರುವುದು ಮುಂದೆ ಬರುವ ಹೊಸ ಇಂಧನಗಳ ಬಗ್ಗೆ. ಆದರೂ ಆ 22 ಮಂದಿಯಿಂದಲೇ ಶುರು ಮಾಡಿದ್ದೇನೆ, ಏಕೆಂದರೆ ಹೊಸ ಇಂಧನದ ಮಾತು ಎಲ್ಲೇ ನಡೆದರೂ ಅಲ್ಲಿ ಹೊಗೆ, ಡಾಲರ್, ಟನ್ನುಗಳ ಲೆಕ್ಕ ಇರುತ್ತದೆ. ಹಡಗಿನ ಹೊಟ್ಟೆಯಲ್ಲಿ ನಿಂತು ಆ ಇಂಧನವನ್ನು ಮುಟ್ಟಬೇಕಾದ ಮನುಷ್ಯನ ಲೆಕ್ಕ ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ಮೊದಲು ವಿಷಯವನ್ನು ಸರಳವಾಗಿ ಹೇಳುತ್ತೇನೆ. ಜಗತ್ತಿನ ವ್ಯಾಪಾರದ ಸರಕಿನಲ್ಲಿ ತೂಕದ ಲೆಕ್ಕದಲ್ಲಿ ಶೇ. 80ಕ್ಕಿಂತ ಹೆಚ್ಚು ಸಾಗುವುದು ಕಡಲ ಮೇಲೆ. ಈ ಹಡಗುಗಳು ಸುಡುವುದು ಹೆಚ್ಚಾಗಿ ಫರ್ನೇಸ್ ಆಯಿಲ್, ಅಂದರೆ ಪೆಟ್ರೋಲ್, ಡೀಸೆಲ್ ಎಲ್ಲ ತೆಗೆದ ಮೇಲೆ ರಿಫೈನರಿಯ ತಳದಲ್ಲಿ ಉಳಿಯುವ ದಪ್ಪ ಎಣ್ಣೆ. ಬಿಸಿ ಮಾಡದಿದ್ದರೆ ಅದು ಪೈಪಿನಲ್ಲಿ ಹರಿಯುವುದೂ ಇಲ್ಲ. ದೊಡ್ಡ ಕಂಟೇನರ್ ಹಡಗೊಂದು ವೇಗವಾಗಿ ಓಡುವಾಗ ದಿನಕ್ಕೆ 100 ಟನ್‌ಗಿಂತ ಹೆಚ್ಚು ಎಣ್ಣೆ ಕುಡಿಯುತ್ತದೆ. ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ ಸುಮಾರು ಶೇ. 3ರಷ್ಟು ಹಡಗುಗಳಿಂದಲೇ ಬರುತ್ತದೆ. 2023ರ ಜುಲೈಯಲ್ಲಿ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಕಡಲಯಾನ ಸಂಸ್ಥೆ, ಐಎಂಒ, ಲಂಡನ್‌ನಲ್ಲಿ ಸೇರಿ ಒಂದು ಗುರಿ ಇಟ್ಟಿತು: 2008ಕ್ಕೆ ಹೋಲಿಸಿದರೆ 2030ಕ್ಕೆ ಕನಿಷ್ಠ ಶೇ. 20, 2040ಕ್ಕೆ ಕನಿಷ್ಠ ಶೇ. 70 ಕಡಿತ, 2050ರ ಸುಮಾರಿಗೆ ನಿವ್ವಳ ಸೊನ್ನೆ.

ನಮಗೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ ಒಂದು ಮಾತು. ಬ್ಯಾರಿ ಎಂಬ ಹೆಸರು ತುಳುವಿನ ‘ಬ್ಯಾರ’ದಿಂದ, ಅಂದರೆ ವ್ಯಾಪಾರದಿಂದ ಬಂತು ಎಂದು ಕೆಲವರು, ಅರಬಿಯ ‘ಬಹ್ರ್’, ಅಂದರೆ ಕಡಲಿನಿಂದ ಬಂತು ಎಂದು ಇನ್ನು ಕೆಲವರು. ಯಾವುದೇ ಇರಲಿ, ಎರಡೂ ಕಡೆ ಹಡಗು ಇದೆ. ಕಾಸರಗೋಡು ಜಿಲ್ಲೆಯ ಉದುಮ, ಪಾಲಕುನ್ನು, ಕೋಟಿಕುಳಂ ಕಡೆ ತಲೆಮಾರುಗಳಿಂದ ಮಕ್ಕಳನ್ನು ಹಡಗಿಗೆ ಕಳಿಸುವ ಮನೆಗಳಿವೆ. ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆಯವರು ಹೆಚ್ಚಾಗಿ ಗಲ್ಫಿನ ದಾರಿ ಹಿಡಿದವರು, ಆದರೆ ಅಲ್ಲೂ ಜೆಬೆಲ್ ಅಲಿ, ದಮ್ಮಾಮ್, ಫುಜೈರಾಗಳಲ್ಲಿ ಬಂದರಿನ ಕೆಲಸ, ಟ್ಯಾಂಕರಿನ ಕೆಲಸ, ಎಣ್ಣೆ ತುಂಬಿಸುವ ಕೆಲಸ ಮಾಡುವವರಿದ್ದಾರೆ. ಫುಜೈರಾ ಅಂದರೆ ಹಡಗುಗಳಿಗೆ ಎಣ್ಣೆ ತುಂಬಿಸುವ ಜಗತ್ತಿನ ದೊಡ್ಡ ಬಂದರುಗಳಲ್ಲಿ ಒಂದು. ಹಡಗಿನ ಎಣ್ಣೆ ಬದಲಾದರೆ ಅದರ ಬಿಸಿ ನಮ್ಮ ಮನೆಗಳಿಗೂ ತಟ್ಟುತ್ತದೆ.

ಹಾಗಾದರೆ ಹೊಸ ಇಂಧನ ಯಾವುದು? ಮುಖ್ಯವಾಗಿ ಎರಡರ ಹೆಸರು ಕೇಳಿಬರುತ್ತಿದೆ, ಮೆಥನಾಲ್ ಮತ್ತು ಅಮೋನಿಯಾ. ಹೈಡ್ರೋಜನ್ ಕೂಡ ಇದೆ, ಆದರೆ ಅದನ್ನು ದ್ರವವಾಗಿ ಇಡಲು ಮೈನಸ್ 253 ಡಿಗ್ರಿ ಬೇಕು. ಕೊಚ್ಚಿ ಶಿಪ್‌ಯಾರ್ಡ್ ಕಟ್ಟಿದ ಹೈಡ್ರೋಜನ್ ದೋಣಿಯಂತೆ ಸಣ್ಣ ದೂರಕ್ಕೆ ಸರಿ, ಸಾಗರ ದಾಟಲು ಕಷ್ಟ. ಮೆಥನಾಲ್ ಆಗಲೇ ಬಂದಾಗಿದೆ: 2023ರಲ್ಲಿ ಮೆರ್ಸ್ಕ್ ಕಂಪನಿಯ ಲಾರಾ ಮೆರ್ಸ್ಕ್ ಮೆಥನಾಲ್‌ನಲ್ಲಿ ಓಡುವ ಮೊದಲ ಕಂಟೇನರ್ ಹಡಗಾಗಿ ಕಡಲಿಗಿಳಿಯಿತು. ಅಮೋನಿಯಾ ಹಿಂದೆಯೇ ಇದೆ. 2024ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಸಕಿಗಾಕೆ ಎಂಬ ಟಗ್ ಬೋಟ್ ಅಮೋನಿಯಾದಲ್ಲಿ ಕೆಲಸ ಶುರು ಮಾಡಿತು. ಅಮೋನಿಯಾದಲ್ಲಿ ಇಂಗಾಲವೇ ಇಲ್ಲ. ಬಿಸಿಲು, ಗಾಳಿಯ ಕರೆಂಟಿನಿಂದ ತಯಾರಿಸಿದರೆ ಹೊಗೆಯ ಪಾಪ ಬಹಳ ಮಟ್ಟಿಗೆ ಕಳೆಯುತ್ತದೆ. ಅದಕ್ಕೇ ಎಲ್ಲರ ಕಣ್ಣು ಅದರ ಮೇಲೆ. ಸೌದಿಯ ನಿಯೋಮ್‌ನಲ್ಲಿ ವರ್ಷಕ್ಕೆ 12 ಲಕ್ಷ ಟನ್‌ವರೆಗೆ ಇಂಥ ಅಮೋನಿಯಾ ತಯಾರಿಸುವ ಸ್ಥಾವರ ಎದ್ದಿದೆ. ನಮ್ಮ ದೇಶವೂ 2023ರಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಯೋಜನೆ ಹಾಕಿಕೊಂಡು ಕಾಂಡ್ಲಾ, ಪಾರಾದೀಪ್, ತೂತುಕುಡಿ ಬಂದರುಗಳನ್ನು ಅದಕ್ಕೆ ಆರಿಸಿದೆ.

ಕರಾವಳಿಯವರಿಗೆ ಅಮೋನಿಯಾ ಹೊಸಬನಲ್ಲ. ಪಣಂಬೂರಿನ ರಸಗೊಬ್ಬರ ಕಾರ್ಖಾನೆ ಇದನ್ನು ದಶಕಗಳಿಂದ ಬಳಸುತ್ತಿದೆ. ಮೀನಿಗೆ ಮಂಜುಗಡ್ಡೆ ಮಾಡುವ ಐಸ್ ಪ್ಲಾಂಟ್‌ಗಳಲ್ಲಿ ತಂಪು ಕೊಡುವುದು ಇದೇ ಅನಿಲ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ ನಾನು ಸ್ವಲ್ಪ ಕಾಲ ಒಂದು ಐಸ್ ಪ್ಲಾಂಟ್‌ನ ಕಂಪ್ರೆಸರ್ ನೋಡಿಕೊಂಡಿದ್ದೆ. ಅಲ್ಲಿನ ಹಿರಿಯ ಆಪರೇಟರ್ ಒಬ್ಬರು ಗಂಧಕದ ಬತ್ತಿ ಹಚ್ಚಿ ಪೈಪಿನ ಜಾಯಿಂಟ್‌ಗಳ ಬಳಿ ಹಿಡಿಯುತ್ತಿದ್ದರು. ಎಲ್ಲಿ ಲೀಕ್ ಇದೆಯೋ ಅಲ್ಲಿ ಬಿಳಿ ಹೊಗೆ ಏಳುತ್ತದೆ. ಮೊದಲ ದಿನ ಅವರು ನನಗೆ ಯಂತ್ರ ತೋರಿಸಲಿಲ್ಲ, ಬಾಗಿಲು ತೋರಿಸಿದರು. “ವಾಸನೆ ಜೋರಾದರೆ ವಾಲ್ವ್ ಹುಡುಕುತ್ತ ನಿಲ್ಲಬೇಡ ಮೋನೇ, ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡು, ಅದಕ್ಕೆ ಅಡ್ಡ ಓಡು” ಅಂದರು. ಒಂದು ಸಲ ಒಂದು ಗ್ಯಾಸ್ಕೆಟ್ ಬಿಟ್ಟಾಗ ಆ ಮಾತು ಎಷ್ಟು ಬೆಲೆಯದು ಎಂದು ತಿಳಿಯಿತು. ಕಣ್ಣು ತೆರೆಯಲು ಆಗುವುದಿಲ್ಲ, ಗಂಟಲು ಕಟ್ಟಿ ಹೋಗುತ್ತದೆ, ಒಳಗೆ ಎಳೆದ ಉಸಿರು ಹೊರಗೆ ಬರುವುದಿಲ್ಲ. ನಾವು ಮೂವರೂ ಹೊರಗೆ ಓಡಿ ರಸ್ತೆ ದಾಟಿದೆವು. ಸ್ವಲ್ಪ ಹೊತ್ತು ಬಿಟ್ಟು ಗಾಳಿ ತಿಳಿಯಾಯಿತು.

ಈ ಪುಟ್ಟ ಅನುಭವದಿಂದಲೇ ನನ್ನ ಪ್ರಶ್ನೆ ಹುಟ್ಟಿದ್ದು. ಐಸ್ ಪ್ಲಾಂಟ್‌ನಿಂದ ಓಡಿ ರಸ್ತೆ ದಾಟಬಹುದು. ನಡುಕಡಲ ಹಡಗಿನಲ್ಲಿ ಎಲ್ಲಿಗೆ ಓಡುವುದು?

ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯಾ 300 ಭಾಗ ಸೇರಿದರೆ ಅದನ್ನು ಜೀವಕ್ಕೆ ತಕ್ಷಣದ ಅಪಾಯದ ಮಟ್ಟ ಎಂದು ಲೆಕ್ಕ ಹಾಕುತ್ತಾರೆ. ಐಸ್ ಪ್ಲಾಂಟ್‌ನಲ್ಲಿ ಇರುವುದು ಕೆಲವು ಟನ್ ಅಮೋನಿಯಾ. ಸಾಗರ ದಾಟುವ ದೊಡ್ಡ ಹಡಗಿನ ಟ್ಯಾಂಕಿಗೆ ಸಾವಿರಾರು ಟನ್ ಬೇಕು. ಒಂದು ಕಿಲೋ ಫರ್ನೇಸ್ ಆಯಿಲ್ ಕೊಡುವ ಶಾಖ ಬೇಕಾದರೆ ಅಮೋನಿಯಾ ಎರಡು ಕಿಲೋಗಿಂತ ಹೆಚ್ಚು ಸುಡಬೇಕು, ಜಾಗದ ಲೆಕ್ಕದಲ್ಲಿ ಸುಮಾರು ಮೂರು ಪಟ್ಟು ದೊಡ್ಡ ಟ್ಯಾಂಕ್. ಅದನ್ನು ಮೈನಸ್ 33 ಡಿಗ್ರಿಯಲ್ಲಿ ಇಡಬೇಕು, ಇಲ್ಲವೇ ಒತ್ತಡದಲ್ಲಿ ಇಡಬೇಕು. ಅದು ಸುಲಭಕ್ಕೆ ಹೊತ್ತಿಕೊಳ್ಳುವುದೂ ಇಲ್ಲ. ಎಂಜಿನ್‌ನಲ್ಲಿ ಸ್ವಲ್ಪ ಡೀಸೆಲ್ ಚಿಮ್ಮಿಸಿ ಹೊತ್ತಿಸಬೇಕು. ಸರಿಯಾಗಿ ಸುಡದಿದ್ದರೆ ನೈಟ್ರಸ್ ಆಕ್ಸೈಡ್ ಬರುತ್ತದೆ, ಅದು ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಲಶಾಲಿ. ಮೆಥನಾಲ್ ಸಾಧುವಿನಂತೆ ಕಾಣುತ್ತದೆ, ಆದರೆ ಅದರ ಬೆಂಕಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ.

ಇದಕ್ಕೆಲ್ಲ ಉಪಾಯ ಇಲ್ಲವೆಂದಲ್ಲ. ಒಂದರೊಳಗೊಂದು ಎರಡು ಪೈಪ್, ನಡುವೆ ಸದಾ ಗಾಳಿ ಎಳೆಯುವ ಫ್ಯಾನ್, ಅನಿಲ ಸೋರಿದ ತಕ್ಷಣ ಕೂಗುವ ಸೆನ್ಸರ್, ತಾನೇ ಮುಚ್ಚಿಕೊಳ್ಳುವ ವಾಲ್ವ್, ಉಸಿರಾಟದ ಸಿಲಿಂಡರ್, ಎಲ್ಲವೂ ಇವೆ. ಅಮೋನಿಯಾ ಬಳಸುವ ಹಡಗುಗಳಿಗೆ ಐಎಂಒ 2024ರ ಡಿಸೆಂಬರ್‌ನಲ್ಲಿ ತಾತ್ಕಾಲಿಕ ಮಾರ್ಗಸೂಚಿಯನ್ನೂ ಒಪ್ಪಿತು. ಆದರೆ ಡಿಪ್ಲೊಮಾ ಕಲಿತ ಯಾರಿಗೂ ಗೊತ್ತಿರುವ ಸತ್ಯ ಒಂದಿದೆ: ಸೆನ್ಸರ್ ಕೂಗಿದಾಗ ಏನು ಮಾಡಬೇಕು ಎಂದು ಕೈಗೆ ರೂಢಿ ಇರಬೇಕು. ಆ ರೂಢಿ ಪುಸ್ತಕದಿಂದ ಬರುವುದಿಲ್ಲ, ತರಬೇತಿಯಿಂದ ಬರುತ್ತದೆ. ತರಬೇತಿಗೆ ದುಡ್ಡು ಬೇಕು, ಸಮಯ ಬೇಕು, ಕಲಿಸುವವರು ಬೇಕು.

ಇಲ್ಲಿ ಸ್ವಲ್ಪ ಹಿಂದೆ ನೋಡೋಣ. ಹಡಗಿನ ಇಂಧನ ಬದಲಾಗುವುದು ಇದೇ ಮೊದಲಲ್ಲ. ಹಾಯಿ ಹೋಗಿ ಕಲ್ಲಿದ್ದಲು ಬಂದಾಗ ಏಡನ್‌ನಂಥ ಬಂದರುಗಳು ಕಲ್ಲಿದ್ದಲಿನ ರಾಶಿಯ ಮೇಲೆಯೇ ಬೆಳೆದವು. ಆ ಕಲ್ಲಿದ್ದಲನ್ನು ಸಲಿಕೆಯಿಂದ ಬಾಯ್ಲರಿಗೆ ಎಸೆಯಲು ಬ್ರಿಟಿಷ್ ಹಡಗುಗಳು ನಮ್ಮ ಉಪಖಂಡದ ಬಡವರನ್ನು ಹಿಡಿದವು. ಅವರಿಗೆ ಲಾಸ್ಕರ್ ಎಂದು ಹೆಸರು. 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಸುಮಾರು 50 ಸಾವಿರ ಲಾಸ್ಕರ್‌ಗಳಿದ್ದರು. ಬಿಳಿಯ ನಾವಿಕನಿಗೆ ಕೊಡುತ್ತಿದ್ದ ಸಂಬಳದಲ್ಲಿ ಒಂದು ಸಣ್ಣ ಪಾಲು ಅವರಿಗೆ. ಅವರಲ್ಲಿ ದೊಡ್ಡ ಸಂಖ್ಯೆಯವರು ಮುಸ್ಲಿಮರು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಡೀಸೆಲ್ ಎಂಜಿನ್‌ನಲ್ಲಿ ಸಾಗರ ದಾಟಿತು. ಆಮೇಲೆ ನಿಧಾನವಾಗಿ ಎಣ್ಣೆ ಬಂತು, ಸಲಿಕೆ ಹಿಡಿದವರ ಕೆಲಸ ಹೋಯಿತು. ಕಲ್ಲಿದ್ದಲಿನ ಕಾಲದಲ್ಲಿ ಬೆಂದವರೂ ಅವರೇ, ಎಣ್ಣೆಯ ಕಾಲದಲ್ಲಿ ಬೀದಿಗೆ ಬಿದ್ದವರೂ ಅವರೇ. ಯಾವ ಕಂಪನಿಯ ಲೆಕ್ಕಪುಸ್ತಕದಲ್ಲೂ ಅದು ಖರ್ಚು ಎಂದು ಬರೆದಿರಲಿಲ್ಲ.

ಈ ಸಲ ಹಾಗಾಗಬಾರದು. ನನ್ನ ವಾದ ಇಷ್ಟೇ: ಹೊಸ ಇಂಧನ ಬರಲಿ, ಆದರೆ ಅದನ್ನು ಸುರಕ್ಷಿತವಾಗಿ ಮುಟ್ಟಲು ಕಲಿಸುವ ಖರ್ಚನ್ನು ಹಡಗಿನ ಮಾಲೀಕರು ಮತ್ತು ಸರಕು ಕಳಿಸುವವರು ಹೊರಬೇಕು, ಹುಡುಗನ ಉಮ್ಮ ಬಳೆ ಅಡವಿಟ್ಟು ಹೊರಬಾರದು.

ಈಗಿನ ಪರಿಸ್ಥಿತಿ ನೋಡಿ. ಐಎಂಒ, ವಿಶ್ವಸಂಸ್ಥೆಯ ಕಾರ್ಮಿಕ ಸಂಸ್ಥೆ, ಹಡಗು ಮಾಲೀಕರ ಮತ್ತು ನಾವಿಕರ ಒಕ್ಕೂಟಗಳು ಸೇರಿದ ಒಂದು ಕಾರ್ಯಪಡೆ 2022ರಲ್ಲಿ ಹೊರತಂದ ಅಧ್ಯಯನದ ಪ್ರಕಾರ 2030ರ ದಶಕದ ನಡುವಿಗೆ 8 ಲಕ್ಷದವರೆಗೂ ನಾವಿಕರಿಗೆ ಹೊಸ ತರಬೇತಿ ಬೇಕಾಗಬಹುದು. ಜಗತ್ತಿಗೆ ಅತಿ ಹೆಚ್ಚು ನಾವಿಕರನ್ನು ಕೊಡುವ ಐದು ದೇಶಗಳಲ್ಲಿ ಭಾರತವೂ ಒಂದು. ಅಂದರೆ ಈ 8 ಲಕ್ಷದಲ್ಲಿ ನಮ್ಮ ಮಕ್ಕಳು ಬಹಳ ಮಂದಿ. ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ತೆಗೆದುಕೊಳ್ಳಬಾರದು ಎಂದು 2006ರ ಕಡಲ ಕಾರ್ಮಿಕ ಒಪ್ಪಂದ ಹೇಳುತ್ತದೆ, ಭಾರತ ಅದಕ್ಕೆ 2015ರಲ್ಲಿ ಸಹಿ ಹಾಕಿದೆ. ಆದರೆ ಕೋರ್ಸಿನ ಫೀಸು ಬೇರೆ ವಿಷಯ. ಸರ್ಟಿಫಿಕೇಟ್‌ಗಳನ್ನು ಹುಡುಗರು ತಮ್ಮ ಕೈಯಿಂದಲೇ ದುಡ್ಡು ಹಾಕಿ ಮಾಡಿಕೊಂಡು ಬರುವುದು ರೂಢಿ. ಹೊಸ ಇಂಧನಕ್ಕೆ ಹೊಸ ಸರ್ಟಿಫಿಕೇಟ್ ಬಂದರೆ ಆ ಪಟ್ಟಿಗೆ ಇನ್ನೊಂದು ಸೇರುತ್ತದೆ, ಅಷ್ಟೇ.

ಮಾಲೀಕರು ಹೇಳುವುದು ಒಂದೇ ಮಾತು: ಹಸಿರು ಇಂಧನವೇ ಹಳೆಯ ಎಣ್ಣೆಗಿಂತ ಹಲವು ಪಟ್ಟು ದುಬಾರಿ, ಇನ್ನು ತರಬೇತಿಗೆ ಎಲ್ಲಿಂದ ತರುವುದು? ನಾನು ಅಂಗಡಿಯವರ ಮಗ. ಬಾಪ ಗಲ್ಲೆಯ ಮುಂದೆ ಕೂತು ಯಾವ ದೊಡ್ಡ ಮೊತ್ತವನ್ನೂ ಕಿಲೋಗೆ ಎಷ್ಟು ಎಂದು ಒಡೆದು ನೋಡುತ್ತಾರೆ. ಇದನ್ನೂ ಹಾಗೆ ಒಡೆಯೋಣ. 20 ಅಡಿಯ ಒಂದು ಕಂಟೇನರ್‌ನಲ್ಲಿ 20 ಟನ್ ಖರ್ಜೂರ ಬಂತು ಅಂದುಕೊಳ್ಳಿ. ಹೊಸ ಇಂಧನದಿಂದಾಗಿ ಅದರ ಬಾಡಿಗೆ 30,000 ರೂಪಾಯಿ ಹೆಚ್ಚಿತು ಅಂದುಕೊಳ್ಳಿ. ಕಿಲೋಗೆ ಬೀಳುವುದು ಒಂದೂವರೆ ರೂಪಾಯಿ. ಆ ಹೆಚ್ಚಳದ ಹತ್ತರಲ್ಲೊಂದು ಪಾಲನ್ನು, ಅಂದರೆ 3,000 ರೂಪಾಯಿಯನ್ನು, ನಾವಿಕರ ತರಬೇತಿಗೆಂದು ತೆಗೆದಿಟ್ಟರೆ ಕಿಲೋಗೆ 15 ಪೈಸೆ. 2,000 ಕಂಟೇನರ್ ಹೊರುವ ಸಣ್ಣ ಹಡಗಿನ ಒಂದೇ ಯಾನದಲ್ಲಿ 60 ಲಕ್ಷ ರೂಪಾಯಿ. ಅಂಥ ಹಡಗಿನಲ್ಲಿ ಕೆಲಸ ಮಾಡುವವರು ಇಪ್ಪತ್ತು, ಇಪ್ಪತ್ತೈದು ಮಂದಿ. ಇದು ಊಹೆಯ ಲೆಕ್ಕ, ನಿಜವಾದ ಬಾಡಿಗೆ ಏರಿಳಿಯುತ್ತದೆ. ಆದರೆ ಅರ್ಧಕ್ಕೆ ಇಳಿಸಿ ನೋಡಿದರೂ ದುಡ್ಡಿಲ್ಲ ಎಂಬ ಮಾತು ನಿಲ್ಲುವುದಿಲ್ಲ. 15 ಪೈಸೆಗೆ ಯಾವ ಗಿರಾಕಿಯೂ ಅಂಗಡಿ ಬದಲಿಸುವುದಿಲ್ಲ.

ಇದಕ್ಕೆ ಒಂದು ದಾರಿಯೂ ತಯಾರಾಗಿತ್ತು. 2025ರ ಏಪ್ರಿಲ್‌ನಲ್ಲಿ ಐಎಂಒ ಒಂದು ಚೌಕಟ್ಟಿಗೆ ಒಪ್ಪಿಗೆ ಕೊಟ್ಟಿತು. 63 ದೇಶಗಳು ಪರ, 16 ವಿರುದ್ಧ. ಭಾರತ ಪರವಾಗಿಯೇ ಮತ ಹಾಕಿತು. 5,000 ಗ್ರಾಸ್ ಟನ್ ಮೀರಿದ ಹಡಗುಗಳು ಮಿತಿ ದಾಟಿ ಹೊಗೆ ಬಿಟ್ಟರೆ ಟನ್ನಿಗೆ 100 ಡಾಲರ್, ಇನ್ನೂ ಹೆಚ್ಚಾದರೆ 380 ಡಾಲರ್ ಕಟ್ಟಬೇಕು. ಆ ದುಡ್ಡು ಒಂದು ನಿಧಿಗೆ ಸೇರಿ, ಬಡ ದೇಶಗಳಿಗೆ ನೆರವು ಮತ್ತು ನಾವಿಕರ ತರಬೇತಿಯೂ ಸೇರಿದಂತೆ ಕೆಲಸಗಳಿಗೆ ಹೋಗಬೇಕು ಎಂದಿತ್ತು. ಅಕ್ಟೋಬರ್‌ನಲ್ಲಿ ಅದನ್ನು ಅಂತಿಮವಾಗಿ ಅಂಗೀಕರಿಸಬೇಕಿತ್ತು. ಅಮೆರಿಕ ಬಹಿರಂಗವಾಗಿ ವಿರೋಧಿಸಿತು, ಸೌದಿ ಅರೇಬಿಯ ಮುಂದೂಡುವ ಸೂಚನೆ ಮಂಡಿಸಿತು. 57 ಮತ ಪರ, 49 ವಿರುದ್ಧ ಬಂದು ವಿಷಯ ಒಂದು ವರ್ಷ ಮುಂದಕ್ಕೆ ಹೋಯಿತು.

ಗಲ್ಫಿನ ಅನ್ನ ಉಂಡ ನಮಗೆ ಸೌದಿಯ ಚಿಂತೆ ಅರ್ಥವಾಗದ್ದೇನಲ್ಲ. ಎಣ್ಣೆ ಮಾರಿ ಬದುಕುವವನು ಎಣ್ಣೆಗೆ ದಂಡ ಹಾಕಲು ಕೈ ಎತ್ತುವುದು ಕಷ್ಟ. ಆದರೆ ಅದೇ ಸೌದಿ ನಿಯೋಮ್‌ನಲ್ಲಿ ನಾಳಿನ ಇಂಧನವನ್ನೂ ತಯಾರಿಸಲು ಹೊರಟಿದೆ ಎಂಬುದನ್ನು ಮರೆಯಬಾರದು. ನಿಯಮ ಮುಂದೂಡಿದರೂ ಬದಲಾವಣೆ ನಿಂತಿಲ್ಲ. ಯುರೋಪಿನ ಬಂದರುಗಳಿಗೆ ಹೋಗುವ ಹಡಗುಗಳು 2024ರಿಂದ ಹೊಗೆಗೆ ದುಡ್ಡು ಕಟ್ಟುತ್ತಿವೆ, 2025ರಿಂದ ಅಲ್ಲಿ ಇಂಧನದ ನಿಯಮವೂ ಬಂದಿದೆ. ಹೊಸ ಎಂಜಿನ್‌ಗಳು ಹಡಗಿಗೆ ಏರುತ್ತಲೇ ಇವೆ. ಮುಂದೂಡಿಕೆಯಿಂದ ನಿಂತದ್ದು ನಾವಿಕನ ತರಬೇತಿಗೆ ಬರಬಹುದಾಗಿದ್ದ ನಿಧಿ. ಯಂತ್ರ ಮೊದಲು ಬಂದು ಕಲಿಕೆ ಆಮೇಲೆ ಬರುವುದು ಎಷ್ಟು ಅಪಾಯ ಎಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ.

ಇಷ್ಟು ಅಪಾಯವಿದ್ದರೆ ಹಳೆಯ ಎಣ್ಣೆಯಲ್ಲೇ ಇರಬಾರದೇ ಎಂದು ಕೇಳುವವರಿದ್ದಾರೆ. ಇರಲಾಗದು. ಉಳ್ಳಾಲದಲ್ಲಿ, ಉಪ್ಪಳದ ಮುಸೋಡಿಯಲ್ಲಿ ಮಳೆಗಾಲ ಬಂದರೆ ಕಡಲು ಮನೆಯಂಗಳಕ್ಕೆ ಬರುತ್ತದೆ. ಅದಕ್ಕೆ ತಡೆಗೋಡೆಗಳು, ಅಳಿವೆಯ ಕಾಮಗಾರಿಗಳೂ ಕಾರಣ, ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಕಡಲಿನ ಮಟ್ಟ ಏರುತ್ತಿರುವುದು ನಿಜ, ಮೊದಲು ಮುಳುಗುವುದು ನಮ್ಮಂಥ ದಡದವರ ಮನೆಗಳು ಎಂಬುದೂ ನಿಜ. ಇನ್ನು ಫರ್ನೇಸ್ ಆಯಿಲ್ ಹೊಗೆಯೇನೂ ಎಂಜಿನ್ ರೂಮಿನವನಿಗೆ ಪನ್ನೀರಲ್ಲ. ಎಲ್‌ಎನ್‌ಜಿ ಸಾಕಲ್ಲವೇ ಎನ್ನುವವರಿಗೂ ಒಂದು ಮಾತು: ಅದು ಮೀಥೇನ್. ಎಂಜಿನ್‌ನಲ್ಲಿ ಸುಡದೆ ಜಾರಿಹೋದ ಮೀಥೇನ್ 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಕೆಟ್ಟದ್ದು. ಹೆಸರು ‘ಹಸಿರು’ ಎಂದಿದ್ದರೆ ಸಾಲದು. ಇಂದು ಜಗತ್ತಿನ ಅಮೋನಿಯಾದಲ್ಲಿ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದಲೇ ಬರುತ್ತದೆ. ಅದನ್ನೇ ಹಡಗಿಗೆ ತುಂಬಿಸಿದರೆ ಹೊಗೆ ಹಡಗಿನಿಂದ ಕಾರ್ಖಾನೆಗೆ ಸ್ಥಳ ಬದಲಿಸಿತು, ಅಷ್ಟೇ.

ಇದರಲ್ಲಿ ನಮ್ಮ ಕೈಯಲ್ಲಿರುವುದು ಏನು? ಐಎಂಒದಲ್ಲಿ ನಮಗೆ ಕುರ್ಚಿ ಇಲ್ಲ. ಆದರೆ ಮಗನನ್ನು ಕಳಿಸುವ ಮೊದಲು ಪ್ರಶ್ನೆ ಕೇಳುವ ಬಾಯಿ ಇದೆ. ಮಗನಿಗೆ ಹಡಗಿನ ಕೆಲಸ ಎಂದು ಏಜೆಂಟ್ ಮನೆಗೆ ಬಂದಾಗ ನಾವು ಕೇಳುವುದು ಸಂಬಳ ಎಷ್ಟು, ಎಷ್ಟು ತಿಂಗಳು ಎಂದು. ಇನ್ನು ಮೂರು ಪ್ರಶ್ನೆ ಸೇರಿಸಿಕೊಳ್ಳಿ. ನಿಮಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕೊಟ್ಟ ಲೈಸೆನ್ಸ್ ಇದೆಯಾ, ನಂಬರ್ ತೋರಿಸಿ. ಹಡಗು ಯಾವ ಇಂಧನದಲ್ಲಿ ಓಡುತ್ತದೆ? ಅದಕ್ಕೆ ಬೇಕಾದ ತರಬೇತಿ ಎಲ್ಲಿ ಕೊಡುತ್ತೀರಿ, ಫೀಸು ಯಾರು ಕಟ್ಟುತ್ತಾರೆ? ಮೂರನೆಯದಕ್ಕೆ ಉತ್ತರ ತಡವರಿಸಿದರೆ ಸಹಿ ಹಾಕುವ ಕೈಯನ್ನು ಸ್ವಲ್ಪ ತಡೆಯಿರಿ. ಒಂದು ಮನೆಯವರು ಕೇಳಿದರೆ ಏಜೆಂಟ್ ನಗಬಹುದು. ಹತ್ತು ಮನೆಯವರು ಕೇಳಿದರೆ ಕಂಪನಿಗೆ ಫೋನ್ ಮಾಡಬೇಕಾಗುತ್ತದೆ.

ನಮ್ಮ ಜಮಾಅತ್‌ಗಳು, ಸಂಘಗಳು ಪ್ರತಿ ವರ್ಷ ಸ್ಕಾಲರ್‌ಶಿಪ್ ಕೊಡುತ್ತವೆ, ಒಳ್ಳೆಯ ಕೆಲಸ. ಡಾಕ್ಟರ್, ಎಂಜಿನಿಯರ್ ಆಗುವವರ ಜೊತೆಗೆ ಐಟಿಐ, ಡಿಪ್ಲೊಮಾ ಮುಗಿಸಿ ಪ್ರೀ-ಸೀ ತರಬೇತಿಗೆ, ರೆಫ್ರಿಜರೇಷನ್‌ಗೆ, ಇನ್‌ಸ್ಟ್ರುಮೆಂಟೇಷನ್‌ಗೆ ಹೋಗುವ ಹುಡುಗರಿಗೂ ಒಂದು ಪಾಲು ಇಡಬೇಕು. ಅಮೋನಿಯಾ ಕಂಪ್ರೆಸರ್ ನಡೆಸಿದ ಕೈಗೆ, ಗ್ಯಾಸ್ ಡಿಟೆಕ್ಟರ್ ಸರಿಪಡಿಸಬಲ್ಲ ಕೈಗೆ ಮುಂದಿನ ಇಪ್ಪತ್ತು ವರ್ಷ ಬಂದರಿನಲ್ಲೂ ಹಡಗಿನಲ್ಲೂ ಬೆಲೆ ಬರಲಿದೆ. ನಮ್ಮ ಐಸ್ ಪ್ಲಾಂಟ್‌ಗಳಲ್ಲಿ ಸರ್ಟಿಫಿಕೇಟ್ ಇಲ್ಲದೆ ದುಡಿದ ಹಿರಿಯರ ಬಳಿ ಇರುವ ತಿಳಿವಳಿಕೆ ಯಾವ ಮೆರೈನ್ ಕಾಲೇಜಿನ ಪಾಠಕ್ಕೂ ಕಡಿಮೆಯಲ್ಲ. ಅವರನ್ನು ಒಂದು ದಿನ ಕರೆದು ಮಕ್ಕಳೆದುರು ಕೂರಿಸಿ.

ರಾಜ್ಯದ ಗಡಿಯಲ್ಲಿರುವ ನಮಗೆ ಎರಡು ಕಡೆಯ ಸರಕಾರಗಳನ್ನೂ ಕೇಳುವ ಹಕ್ಕಿದೆ. ವಿಳಿಂಜಂ ಬಂದರಿನ ಬಗ್ಗೆ ತಿರುವನಂತಪುರ ಹೆಮ್ಮೆಪಡಲಿ, ಪಣಂಬೂರಿನ ಬಗ್ಗೆ ಮಂಗಳೂರು ಹೆಮ್ಮೆಪಡಲಿ. ಹೊಸ ಇಂಧನ ತುಂಬಿಸುವ ದಿನ ಬರುವ ಮೊದಲು ಬಂದರಿನ ಸುತ್ತಲಿನ ಮನೆಗಳಿಗೆ, ಮೀನುಗಾರರಿಗೆ, ಲೋಡಿಂಗ್‌ನವರಿಗೆ ಸೋರಿಕೆಯಾದರೆ ಏನು ಮಾಡಬೇಕೆಂದು ಅವರವರ ಭಾಷೆಯಲ್ಲಿ ಹೇಳಿಕೊಡಬೇಕು. ಕನ್ನಡದಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ. ಇಂಗ್ಲಿಷ್ ಬೋರ್ಡ್ ನೇತು ಹಾಕಿದರೆ ಕಾನೂನು ಪಾಲಿಸಿದಂತಾಗಬಹುದು, ಓಡಬೇಕಾದವನಿಗೆ ದಾರಿ ತಿಳಿಯುವುದಿಲ್ಲ.

ಬ್ಯಾರಿಯಲ್ಲಿ ಹಡಗಿಗೆ ಕಪ್ಪಲ್ ಎನ್ನುತ್ತೇವೆ. ಕಪ್ಪಲ್ ಹತ್ತಿದ ಮಗನಿಗಾಗಿ ಉಮ್ಮಂದಿರು ಮಾಡುವ ದುಆ ಹಾಯಿಯ ಕಾಲದಲ್ಲೂ ಇತ್ತು, ಅಮೋನಿಯಾದ ಕಾಲದಲ್ಲೂ ಇರುತ್ತದೆ. ಆ ದುಆದ ಜೊತೆಗೆ ಒಂದು ಉಸಿರಾಟದ ಮಾಸ್ಕ್, ಅದನ್ನು ಹಾಕಿಕೊಳ್ಳಲು ಕಲಿಸಿದ ಒಬ್ಬ ಗುರು, ಆ ಗುರುವಿಗೆ ಸಂಬಳ ಕೊಟ್ಟ ಒಬ್ಬ ಮಾಲೀಕ, ಈ ಮೂರೂ ಇರಲೇಬೇಕು ಎಂದು ನಾವು ಈಗಲೇ ಗಟ್ಟಿಯಾಗಿ ಹೇಳಬೇಕು.